ಸೀತೆಗೆ ದನಿ ಕೊಟ್ಟವಳು

ತಂಗಡಗಿ
9 ಜುಲೈ 2024

ಅಕ್ಕಾ,

ನಮಸ್ಕಾರ. ನಾವು ಇಲ್ಲಿ ಇದ್ದೇವೆ, ನೀನು ಇಂಡಿಯಲ್ಲಿ ಇದ್ದೀಯೆಂದು ಬಲ್ಲವರಿಂದ ಕೇಳುತ್ತೇವೆ. ಫೋನು ಮಾಡಿದರೆ ನಿನ್ನ ಅತ್ತೆ ಎತ್ತುತ್ತಾರೆ, "ರಾಂಗ್ ನಂಬರ್ ಆತ್ರಿ" ಎಂದು ನಾನೇ ಇಟ್ಟುಬಿಡುತ್ತೇನೆ. ಅಕ್ಕನಿಗೆ ತಮ್ಮ ಎಷ್ಟು ಸಲ ರಾಂಗ್ ನಂಬರ್ ಆಗಬೇಕು, ನೀನೇ ಹೇಳು. ಅದಕ್ಕೇ ಈ ಕಾಗದ. ಕಾಗದ ಅಂದರೆ ಪುಸ್ತಕದ ಮಾತಿನಲ್ಲಿ ಬರೆಯಬೇಕೆಂದು ಸಣ್ಣವನಿದ್ದಾಗ ಕಿವಿ ಹಿಂಡಿ ಕಲಿಸಿದವಳು ನೀನು. ತಪ್ಪಿದ್ದರೆ ಕೆಂಪು ಶಾಯಿ ಹಚ್ಚಿ ವಾಪಸು ಕಳಿಸಬೇಡ.

ವಿಷಯ ಇಷ್ಟು. ಮುದ್ದೇಬಿಹಾಳದ ಕಾಲೇಜಿನಲ್ಲಿ ಕಲಿಸುವ ಸಗೀರಾ ಮೇಡಂ ಎಂಬವರು ನಮ್ಮ ಮನೆಗೆ ಬಂದಿದ್ದರು. ತೊಗಲುಗೊಂಬೆ ಆಡಿಸುವ ನಮ್ಮಂಥ ಕಿಳ್ಳೇಕ್ಯಾತರದು, ಹಚ್ಚೆ ಹಾಕುವವರದು, ತಾಂಡಾದ ಕಸೂತಿಯವರದು, ಹೀಗೆ ಎಲ್ಲರ ಬದುಕಿನ ಕಥೆಯನ್ನು ಅವರವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಸಂಕ್ರಾಂತಿ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ಪ್ರದರ್ಶನ. ದೂರದ ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರಗಳನ್ನೂ ಅಚ್ಚು ಹಾಕಿಸಿ ಇಡುತ್ತಾರಂತೆ. ಅವನ್ನು ಮೊಬೈಲಿನಲ್ಲಿ ತೋರಿಸಿದರು. ಬರೇ ಚುಕ್ಕಿ, ಚುಕ್ಕಿ, ಚುಕ್ಕಿ. ನಮ್ಮವ್ವ ಬಗ್ಗಿ ನೋಡಿ, "ಇವ್ರೂ ನಮ್ಮಂಗ ತೊಗಲಿಗೆ ತೂತ ಹೊಡದು ಬೆಳಕ ಬಿಡತಾರೇನ್ರಿ?" ಎಂದಳು. ಮೇಡಂ ನಕ್ಕು ಅವ್ವನ ಪಕ್ಕವೇ ಕೂತುಬಿಟ್ಟರು.

ಅವ್ವ ಗೊತ್ತಲ್ಲ, ಎಲ್ಲಿ ಬೇಕಾದಲ್ಲಿ ಬಾಯಿ ಬಿಡುವವಳಲ್ಲ. ಗೊಂಬಿ ಪೆಟ್ಟಿಗೆ ಮುಂದೆ ದೀಪ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು ಹೇಳಲು ಕೂತಳು. ಅಪ್ಪ, ಕೆರೆ, ಮೀನು, ಊರೂರ ಆಟ, ಎಲ್ಲ ಹೇಳಿದಳು. ಆಮೇಲೆ "ನನಗ ಒಬ್ಬಾಕಿ ಮಗಳು. ಪರದೆ ಹಿಂದ ಸೀತಾಗ ದನಿ ಕೊಡಾಕಿ ಅಕಿನ" ಎಂದಳು. ನಾನು ಅವಳ ದನಿ ತುಂಬಿಕೊಳ್ಳುತ್ತಿದ್ದ ಫೋನನ್ನು ಮೇಡಂ ಕೈಯಿಂದ ತೆಗೆದುಕೊಂಡು ಬಂದ್ ಮಾಡಿದೆ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು.

ಅಪ್ಪನ ಕಾಲದಲ್ಲಿ ಯಾರೋ ಮಾಸ್ತರರು ತುಂಬಿಕೊಂಡಿದ್ದ ಕ್ಯಾಸೆಟ್ಟೂ ನಮ್ಮಲ್ಲಿ ಇದೆ. ಅದರಲ್ಲಿ ನಿನ್ನ ದನಿ. ಗೊಂಬೆ ಹಿಡಿದುಕೊಂಡು ನಿಂತ ನಿನ್ನ ಫೋಟೋ ಕೂಡ. ನೀನು ಹೋದ ಮೇಲೆ ಸೀತೆಯನ್ನು ಅವ್ವ ಪೆಟ್ಟಿಗೆಯಿಂದ ತೆಗೆಯಗೊಟ್ಟಿಲ್ಲ. ನಾವು ಆಡುವುದೆಲ್ಲ ಈಗ ಸೀತೆಯಿಲ್ಲದ ಕಥೆಗಳು.

ನಿನ್ನ ಹೆಸರು ಹೇಳಲೋ ಬೇಡವೋ? ಕೇಳಿ ಹೇಳುತ್ತೇನೆಂದು ಮೇಡಂಗೆ ಮಾತು ಕೊಟ್ಟಿದ್ದೇನೆ.

ನಿನ್ನ ತಮ್ಮ,
ಪರಶು


ಇಂಡಿ
18 ಜುಲೈ 2024

ಪರಶು,

ಮನೆ ವಿಳಾಸಕ್ಕೆ ಕಾಗದ ಹಾಕಲು ನಿನಗೆ ಬುದ್ಧಿಯಾದರೂ ಹೇಗೆ ಬಂತು? ನೆಟ್ಟಗೆ ನಮ್ಮತ್ತೆಯ ಕೈಗೇ ಸಿಕ್ಕಿದೆ. ನಮ್ಮತ್ತೆ ಜಯಮಾಲಾಬಾಯಿಯವರನ್ನು ನೀನು ಕಂಡಿಲ್ಲ, ಲಕೋಟೆಯನ್ನು ಹಿಂದೆ ಮುಂದೆ ತಿರುವಿ, "ತಂಗಡಗ್ಯಾಗ ನಿನಗ ಯಾರದಾರವ್ವಾ?" ಎಂದರು. ಹಳೆಯ ವಿದ್ಯಾರ್ಥಿ ಎಂದೆ. "ಭಾಳ ಪ್ರೀತಿ ಬಿಡು ಆ ಹುಡಗಗ" ಎಂದು ಕೊಟ್ಟರು. ಕೊಡುವಾಗ ಕೈ ಬಿಡಲು ಸ್ವಲ್ಪ ತಡ ಮಾಡಿದರು. ಇನ್ನು ಮೇಲೆ ಬರೆಯುವುದಿದ್ದರೆ ಶಾಲೆಗೆ ಬರಿ. ಬರೆಯದಿದ್ದರೆ ಇನ್ನೂ ಒಳ್ಳೆಯದು.

ನಿನ್ನ ಪ್ರಶ್ನೆಗೆ ಉತ್ತರ: ಬೇಡ. ಹೆಸರು ಬೇಡ, ಫೋಟೋ ಬೇಡ, ದನಿ ಬೇಡ.

ನಾನು ಈ ಮನೆಗೆ ಹೇಗೆ ಬಂದೆನೆಂದು ನಿನಗೆ ಗೊತ್ತು. ಸೋಲಾಪುರದ ಕಡೆಯ ಮರಾಠರ ಹುಡುಗಿ, ಹಿಂದೆ ಮುಂದೆ ಯಾರೂ ಇಲ್ಲ ಎಂದು ಗುರುನಾಥ ತಮ್ಮ ತಾಯಿಗೆ ಹೇಳಿ ಮದುವೆಯಾದರು. ನಮ್ಮ ಮನೆಮಾತು ಮರಾಠಿಯ ಹಾಗೇ ಕೇಳಿಸುತ್ತದೆ, ಆದ್ದರಿಂದ ಸುಳ್ಳು ಸಲೀಸಾಗಿ ನಡೆಯಿತು. ಗುರುನಾಥ ಒಬ್ಬರಿಗೇ ನಿಜ ಗೊತ್ತು. ಮಗಳಿಗೂ ಗೊತ್ತಿಲ್ಲ. ಈಗ ಆ ಮಗಳಿಗೆ, ಕೋಮಲಳಿಗೆ, ಸಿಂದಗಿಯ ಒಳ್ಳೆಯ ಮನೆಯೊಂದರಿಂದ ಸಂಬಂಧ ಬಂದಿದೆ. ಹುಡುಗ ಅವಳ ಜೊತೆ ಬಿ.ಎಡ್. ಓದಿದವನು, ಇಬ್ಬರಿಗೂ ಮನಸ್ಸಿದೆ. ಈ ಹೊತ್ತಿನಲ್ಲೇ ನಿನಗೆ ನಮ್ಮ ಕುಲದ ಕಥೆ ಡಂಗುರ ಸಾರಬೇಕಾಗಿದೆ!

ಹೋದ ವರ್ಷ ನಮ್ಮ ಓಣಿಗೆ ಗೊಂಬಿಯವರು ಬಂದಿದ್ದರು. "ಕಿಳ್ಳೇಕ್ಯಾತರು ಬಂದಾರ, ಹೊರಗಿಂದ ಹೊರಗ ಹಿಟ್ಟ ಹಾಕಿ ಸಾಗಹಾಕು" ಎಂದರು ಅತ್ತೆ. ನಾನೇ ಹಾಕಿದೆ. ಆ ಹೆಂಗಸು ನನ್ನ ಮುಖ ನೋಡಿ ನಮ್ಮ ಮನೆಮಾತಿನಲ್ಲಿ "ಯಾರ ಮಗಳವ್ವಾ ನೀನು?" ಎಂದು ಕೇಳಿದಳು. ತಿಳಿಯದವಳ ಹಾಗೆ ನಿಂತೆ. ಹಾಗೆ ನಿಲ್ಲುವುದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿದಿದೆ ಪರಶು. ಅದನ್ನು ಹಾಳು ಮಾಡಬೇಡ.

ಸುವರ್ಣಾ


ತಂಗಡಗಿ
4 ಆಗಸ್ಟ್ 2024

ಅಕ್ಕಾ,

ಹಳೆಯ ವಿದ್ಯಾರ್ಥಿ ಬರೆಯುವ ಕಾಗದ. ಶಾಲೆಗೇ ಹಾಕಿದ್ದೇನೆ, ಹೆದರಬೇಡ.

ನೀನು ಬೇಡವೆಂದದ್ದನ್ನು ಸಗೀರಾ ಮೇಡಂಗೆ ಹೇಳಿದೆ. ಹೆಸರು ಯಾಕೆ ಬೇಡ ಎಂದು ಅವರು ಒಂದು ಮಾತೂ ಕೇಳಲಿಲ್ಲ. "ಜೀವಂತ ಇದ್ದವರು ಒಲ್ಲೆ ಅಂದ್ರ ಮುಗೀತ್ರಿ, ಅವರ ಫೋಟೋ, ದನಿ ನಾನು ಮುಟ್ಟಂಗಿಲ್ಲ" ಎಂದರು. ಮಗಳ ಮಾತೊಂದನ್ನು ಬಿಟ್ಟು ಉಳಿದದ್ದು ಹೇಳಬಹುದೇ ಎಂದು ಅವ್ವನನ್ನು ಕೇಳಿದರು.

ಅವ್ವ ಏನೆಂದಳು ಗೊತ್ತೇ? "ನಿನ್ನ ಬದುಕ ಹೇಳು ಅಂತೀರಿ, ಹೊಟ್ಟಿ ಮಾತ್ರ ಹೇಳಬ್ಯಾಡ ಅಂತೀರಿ. ನಾ ಏನ ಹೆಣ್ಣ ಹಡದೇ ಇಲ್ಲ ಅಂತ ಹೇಳಲ್ಯಾ?" ಎಂದು ಎದ್ದು ಹೋದಳು. ಮೇಡಂ ಇನ್ನೆರಡು ಸಲ ಬಂದರು. ಅವ್ವನದು ಒಂದೇ ಹಟ, ಹೇಳಿದರೆ ಪೂರಾ, ಇಲ್ಲದಿದ್ದರೆ ಇಲ್ಲ. ಹಚ್ಚೆಯವರ ಕಥೆ ಆಯಿತು, ಕಸೂತಿಯವರದು ಆಯಿತು. ಪ್ರದರ್ಶನದಲ್ಲಿ ಗೊಂಬೆಯವರ ಗೋಡೆ ಖಾಲಿ ಬಿಡಬೇಕಾಗುತ್ತದೆ ಎಂದು ಮೇಡಂ ಬೇಜಾರು ಮಾಡಿಕೊಂಡಿದ್ದಾರೆ.

ಅಕ್ಕಾ, ಸಿಟ್ಟು ಮಾಡಬೇಡ. ಅಲ್ಲ, ಮಾಡಿದರೆ ಮಾಡು, ನನಗೂ ಸಿಟ್ಟು ಬಂದಿದೆ. ಊರೂರು ಬಾಗಿಲಲ್ಲಿ ನಿಂತು "ಏ ಗೊಂಬಿಯವರ" ಅನ್ನಿಸಿಕೊಂಡ ಹೆಂಗಸಿನ ಎದುರು ಕಲಿತವರೊಬ್ಬರು ಚಾಪೆ ಮೇಲೆ ಕೂತು "ನಿಮ್ಮ ಕಥಿ ಹೇಳ್ರಿ ಗುಂಡವ್ವ" ಎಂದಿದ್ದಾರೆ. ಅವ್ವನ ಮುಖ ಆಗ ನೀನು ನೋಡಬೇಕಿತ್ತು. ನಿನ್ನ ಬದುಕು ನೀನು ಮುಚ್ಚಿಡು, ಯಾರು ಬೇಡವೆಂದರು? ಅವ್ವನದನ್ನು ಮುಚ್ಚಿಡಲು ನಿನಗೆ ಹಕ್ಕು ಯಾರು ಕೊಟ್ಟರು?

ಪರಶು


ಇಂಡಿ
11 ಆಗಸ್ಟ್ 2024

ಪರಶು,

ಸಿಂದಗಿಯವರು ಹುಡುಗಿಯನ್ನು ನೋಡಿ ಒಪ್ಪಿ ಹೋದರು. ಹುಡುಗನ ತಾಯಿ ಕೋಮಲಳ ಗಲ್ಲ ಹಿಡಿದು, "ಮರಾಠ್ಯಾರ ಕಳಾ ಐತಿ ನೋಡ್ರಿ ಹುಡಗಿಗೆ" ಎಂದರು. ನಾನು ಚಹದ ಬಟ್ಟಲು ತರುವ ನೆವದಲ್ಲಿ ಒಳಗೆ ಹೋದೆ.

ಹಕ್ಕಿನ ಮಾತು ಆಡಿದ್ದೀಯ. ಸರಿ. ಅವ್ವ ಹೇಳಲಿ, ಪೂರಾ ಹೇಳಲಿ. ಮಗಳೊಬ್ಬಳಿದ್ದಳು, ಸತ್ತಳು ಎಂದು ಬರೆಸು. ಸತ್ತಳೆಂಬುದನ್ನು ನೀನೇ ಮೇಡಂಗೆ ಹೇಳು, ಅವ್ವನ ತನಕ ಒಯ್ಯಬೇಡ. ಇದ್ದಳೆಂಬುದು ಅವ್ವನಿಗೆ ಸಂದಿತು, ಇಲ್ಲವೆಂಬುದು ನನಗೆ ಸಂದಿತು. ಸತ್ತವಳನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಇದೊಂದು ಮಾತಿನ ವಿಷಯ. ಆಟದಲ್ಲಿ ಎಷ್ಟು ಸಲ ಎಷ್ಟು ಜನರನ್ನು ಸಾಯಿಸಿಲ್ಲ ನಾವು? ಇದೂ ಹಾಗೇ ಎಂದುಕೋ.

ಸುವರ್ಣಾ


ತಂಗಡಗಿ
2 ಸೆಪ್ಟೆಂಬರ್ 2024

ಅಕ್ಕಾ,

ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ರೂಢಿ, ಕೈ ಬರೆಯಿತು.

ನಿನ್ನ ಕಾಗದವನ್ನು ಅವ್ವನಿಂದ ಮುಚ್ಚಿಡಬೇಕೆಂದೇ ಇದ್ದೆ. ಓದುವಾಗ ನನ್ನ ಮುಖ ನೋಡಿ, "ಏನಂತ ಬರದಾಳ?" ಎಂದು ಬೆನ್ನು ಹತ್ತಿದಳು. ಅವಳ ಮುಂದೆ ಸುಳ್ಳು ಹೇಳಲು ನನಗೆ ಯಾವತ್ತು ಬಂದಿದೆ? ಓದಿದೆ. ಬಲೆ ರಿಪೇರಿ ಮಾಡುತ್ತಿದ್ದಳು, ಅದನ್ನು ಮುಗಿಸಿದಳು. ಆಮೇಲೆ "ಆ ಮೇಡಮ್ಮಗ ಬಾ ಅನ್ನು" ಎಂದಳು.

ಮೇಡಂ ಬಂದರು. ಅವ್ವ ಪೆಟ್ಟಿಗೆ ಮುಂದೆ ದೀಪ ಹಚ್ಚಿ, ಮೊದಲಿನಿಂದ ಕಡೆಯ ತನಕ ಒಂದೇ ಉಸುರಿಗೆ ಹೇಳಿದಳು. ಕೊನೆಗೆ, "ನನಗ ಸುವರ್ಣಾ ಅಂತ ಒಬ್ಬಾಕಿ ಮಗಳಿದ್ಲು. ಸೀತಾಗ ದನಿ ಕೊಡಾಕಿ. ಸತ್ತಾಳ" ಎಂದಳು. ಮೇಡಂ ಕಣ್ಣೀರು ಒರೆಸಿಕೊಂಡು ಅವ್ವನ ಕೈ ಹಿಡಿದುಕೊಂಡರು. ಹೋದ ತಿಂಗಳು ಒಲ್ಲೆ ಎಂದವಳು ಈಗ ನಿಜವಾಗಿಯೂ ತೀರಿಹೋದಳೆಂದೇ ಅವರು ನಂಬಿದರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಅಷ್ಟಕ್ಕೆ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಪೆಟ್ಟಿಗೆ ಮುಂದೆ ಆಡಿದ್ದು ಸುಳ್ಳಾಗಬಾರದು ಎನ್ನುವುದು ನಮ್ಮ ಮನೆಯ ನೇಮ. ದನಿ ಕೊಟ್ಟವರು ಸತ್ತರೆ ಅವರ ಗೊಂಬೆಯೂ ಅವರ ಬೆನ್ನಿಗೇ ಹೊಳೆಗೆ ಹೋಗಬೇಕು ಎನ್ನುವುದೂ ನಮ್ಮ ಮನೆಯ ನೇಮ. ಮಾಸ್ತರಕಿಯಲ್ಲಿ ಇದನ್ನು ಮರೆತೆಯಾ? ಮರುದಿನ ಅವ್ವ ಸೀತೆಯನ್ನು ಪೆಟ್ಟಿಗೆಯಿಂದ ತೆಗೆದಳು. ಅರಿಷಿಣ ಹಚ್ಚಿದಳು, ಹಣೆಗೆ ಕುಂಕುಮ ಇಟ್ಟಳು, ಹಲಗೆ ಮೇಲೆ ಮಲಗಿಸಿ ನನ್ನ ತಲೆ ಮೇಲೆ ಹೊರಿಸಿದಳು. ಕೃಷ್ಣೆ ಎರಡೂ ದಂಡೆಗೆ ತುಂಬಿ ಹರಿಯುತ್ತಿದ್ದಳು. ನಡುನೀರಿಗೆ ತೆಪ್ಪ ಒಯ್ದೆ. ಅವ್ವ ಮೂರು ಸಲ ನಿನ್ನ ಹೆಸರು ಕೂಗಿದಳು. "ಸುವರ್ಣಾ, ಹೋಗವ್ವಾ. ತಿರುಗಿ ನೋಡಬ್ಯಾಡ" ಎಂದಳು. ಗೊಂಬೆ ಬಿಟ್ಟದ್ದು ನನ್ನ ಕೈ.

ನಮ್ಮ ಮಂದಿಯನ್ನು ಕರೆದು ಊಟಕ್ಕೆ ಹಾಕಿದೆವು. ಎಲ್ಲರೂ ನಿನ್ನ ಗುಣ ಹೇಳಿ ಅತ್ತರು. ಏನಾಗಿತ್ತು ಎಂದು ಕೇಳಿದವರಿಗೆ ನಾನು ಏನು ಹೇಳಬೇಕಿತ್ತು ಅಕ್ಕಾ? ಜ್ವರ ಎಂದೆ.

ಇನ್ನೊಂದು. ಫೋಟೋ, ಕ್ಯಾಸೆಟ್ಟು ಎರಡನ್ನೂ ಅವ್ವ ತಾನಾಗೇ ಮೇಡಂಗೆ ಕೊಟ್ಟಳು. ನಾನು ಅಡ್ಡ ಬಂದೆ. "ಸತ್ತಾಕಿ ಏನ ಬ್ಯಾಡ ಅಂತಾಳು?" ಎಂದಳು.

ಪರಶು


ಇಂಡಿ
10 ಸೆಪ್ಟೆಂಬರ್ 2024

ಪರಶು,

ಹೇಳು ಎಂದಿದ್ದೆ, ಮಾಡು ಎಂದಿರಲಿಲ್ಲ! ಅವ್ವನಿಗೆ ಹೇಳಬೇಡ ಎಂದೂ ಬರೆದಿದ್ದೆ. ನಿನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಯಾವತ್ತೂ ನೆನೆದಿಲ್ಲ.

ಫೋಟೋ ವಾಪಸು ತಾ. ಕ್ಯಾಸೆಟ್ಟು ವಾಪಸು ತಾ. ಏನು ಸುಳ್ಳು ಬೇಕಾದರೂ ಹೇಳು. ಕೋಮಲ ಥೇಟು ಆ ಫೋಟೋದ ಹಾಗೇ ಇದ್ದಾಳೆ, ನೋಡಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀನು ಬರೆದದ್ದನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಮುಂದಿನ ಪೀರಿಯಡ್ ಏಳನೆಯ ತರಗತಿ. ಹಾಜರಿ ತೆಗೆಯಲು ನಿಂತರೆ ಗಂಟಲಿನಿಂದ ದನಿ ಹೊರಡಲಿಲ್ಲ. ಮಕ್ಕಳೇ ತಮ್ಮ ತಮ್ಮ ಹೆಸರು ಹೇಳಿಕೊಂಡವು.

ಅವ್ವ ಅತ್ತಳೇನು? ಅದನ್ನು ನೀನು ಬರೆಯಲೇ ಇಲ್ಲ. ನಾನು ಬರುತ್ತೇನೆ ಎಂದು ಅವಳಿಗೆ ಹೇಳು. ದೀಪಾವಳಿ ಸೂಟಿಯಲ್ಲಿ, ಯಾರಿಗೂ ಕಾಣದ ಹಾಗೆ ಬಂದು ಹೋಗುತ್ತೇನೆ.

ಸುವರ್ಣಾ


ತಂಗಡಗಿ
1 ಅಕ್ಟೋಬರ್ 2024

ಅಕ್ಕಾ,

ನಿನ್ನ ಕಾಗದ ಅವ್ವನಿಗೆ ಓದಲು ಕೂತೆ. "ಸುವರ್ಣಾ ಬರದಾಳ" ಎಂದೆನಷ್ಟೇ. "ಯಾರದು? ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ಲ" ಎಂದು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಎದುರು ಅತ್ತಿಲ್ಲ.

ಕಾಣದ ಹಾಗೆ ಬರುತ್ತೇನೆ ಎಂದಿದ್ದೀಯ. ಬರಬೇಡ. ಕದ್ದು ಬಂದವರಿಗೆ ಅವ್ವ ಬಾಗಿಲು ತೆಗೆಯುವುದಿಲ್ಲ. ನಿನ್ನ ಮೇಲೆ ನನಗಿದ್ದ ಸಿಟ್ಟು ಈಗ ಇಲ್ಲ, ಮೈಯೆಲ್ಲ ದಣಿವಷ್ಟೇ ಉಳಿದಿದೆ.

ಫೋಟೋ ನಾನು ತರುವುದಿಲ್ಲ. ಕೊಟ್ಟವಳು ಅವ್ವ. ಬೇಕೆಂದರೆ ಸಗೀರಾ ಮೇಡಂಗೆ ನೀನೇ ಬರಿ, ಕೆಳಗೆ ಅವರ ವಿಳಾಸ ಕೊಟ್ಟಿದ್ದೇನೆ. ಜೀವಂತ ಇದ್ದವರು ಒಲ್ಲೆ ಎಂದರೆ ತೆಗೆಯುತ್ತಾರೆ, ಒಳ್ಳೆಯವರು. ಆದರೆ ಜೀವಂತ ಇದ್ದೇನೆ ಎಂದು ನೀನು ಸಹಿ ಮಾಡಬೇಕು. ಅದು ನಿನ್ನ ಕೈಲಿ ಆಗುತ್ತದೋ ನೋಡು.

ಪರಶು


ಇಂಡಿ
20 ಜನವರಿ 2025

ಸಗೀರಾ ಮೇಡಂ ಅವರಿಗೆ ನಮಸ್ಕಾರಗಳು.

ಮೊನ್ನೆ ಬಸವನ ಬಾಗೇವಾಡಿಯ ನಿಮ್ಮ ಪ್ರದರ್ಶನದಲ್ಲಿ ಗೊಂಬೆಯವರ ಗೋಡೆಯ ಮುಂದೆ ಕೂಗಾಡಿ ಹೋದ ಹೆಂಗಸು ನಾನೇ. ನೀವು ಆ ಹೊತ್ತಿಗೆ ಅಲ್ಲಿರಲಿಲ್ಲ. ಯಾರೋ ತಲೆ ಕೆಟ್ಟವಳು ಬಂದಿದ್ದಳೆಂದು ನಿಮಗೆ ಹೇಳಿರಬಹುದು. ತಲೆ ನೆಟ್ಟಗಿದೆ ಎಂದು ತೋರಿಸಲು ಇಷ್ಟು ಬರೆಯುತ್ತಿದ್ದೇನೆ.

ನಿಮ್ಮ ವಿಳಾಸ ನನ್ನ ಬಳಿ ಅಕ್ಟೋಬರದಿಂದ ಇದೆ. ಬರೆಯಲು ಕೂತು ಕೂತು ಎದ್ದಿದ್ದೇನೆ. ಬಾಗೇವಾಡಿಯ ಹೆಸರು ಬಂದಲ್ಲೆಲ್ಲ ಮಾತು ತಿರುಗಿಸುತ್ತ ಜನವರಿ ಕಳೆದರೆ ಸಾಕು ಎಂದುಕೊಂಡಿದ್ದೆ. ಆದರೆ ನನ್ನ ಮಗಳು ಕೋಮಲಳನ್ನು ಮಾಡಿಕೊಳ್ಳಲಿರುವ ಸಿಂದಗಿಯ ಬೀಗರು, ಬಸವಣ್ಣನ ಗುಡಿಯಲ್ಲೇ ಮಾತು ಪಕ್ಕಾ ಮಾಡೋಣ ಎಂದರು. ನಮ್ಮತ್ತೆ ಹೂಂ ಎಂದರು. ನಾನು ಬೇಡವೆನ್ನಲು ಯಾವ ಕಾರಣ ಕೊಡಲಿ? ಗುಡಿಯಲ್ಲಿ ಎಲ್ಲ ಸುಸೂತ್ರವಾಯಿತು. ಹೊರಗೆ ಬಂದ ಮೇಲೆ ಹುಡುಗ ನಿಮ್ಮ ಬೋರ್ಡು ನೋಡಿದ. "ಆಸ್ಟ್ರೇಲಿಯಾದ ಚಿತ್ರ ಅದಾವಂತ, ನೋಡಿ ಹೋಗೂಣು" ಎಂದ.

ನೀವು ಬಾಗಿಲಲ್ಲೇ ಒಂದು ಹಲಗೆ ಇಟ್ಟಿದ್ದೀರಿ: ತೀರಿಕೊಂಡವರ ಚಿತ್ರ ಮತ್ತು ದನಿ ಒಳಗಿವೆ, ನೋಯುವವರು ತಿಳಿದು ಒಳಗೆ ಬನ್ನಿ ಎಂದು. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗಾಗಿ ಅಲ್ಲಿ ಹೀಗೆ ಬರೆದಿಡುತ್ತಾರೆ, ಅದನ್ನು ನೋಡಿ ನಾವೂ ಇಟ್ಟೆವು ಎಂದು ಅಲ್ಲಿದ್ದ ಹುಡುಗಿ ವಿವರಿಸಿದಳು. ಬೀಗಿತಿ ಲೊಚಗುಟ್ಟಿದರು. ನಾನು ಹೊಸ್ತಿಲು ದಾಟಿದೆ.

ಒಳಗೆ ಮೊದಲು ಕೇಳಿಸಿದ್ದು ನನ್ನ ದನಿ. ಅಶೋಕವನದಲ್ಲಿ ಸೀತೆ ಹನುಮಂತನನ್ನು ನೀನು ಯಾರೆಂದು ಕೇಳುವ ಮಾತು. ಗಂಡ ಗುರುನಾಥ ನನ್ನ ಮೊಣಕೈ ಹಿಡಿದರು. ಗೋಡೆಯ ಮೇಲೆ ಅವ್ವನ ದೊಡ್ಡ ಫೋಟೋ, ಪಕ್ಕದಲ್ಲಿ ಗೊಂಬೆ ಹಿಡಿದ ನಾನು, ಅಡಿಯಲ್ಲಿ "ಮಗಳು ಸುವರ್ಣಾ, ತೀರಿಕೊಂಡಳು" ಎಂಬ ಸಾಲು. ಕೋಮಲ ಹತ್ತಿರ ಹೋಗಿ ನಿಂತಳು. "ಮಮ್ಮಿ, ನಿನ್ನ ಹೆಸರ! ಈಕಿ ಥೇಟ್ ನನ್ನಂಗ ಅದಾಳಲ್ಲ" ಎಂದಳು. ನಮ್ಮತ್ತೆ ಚಷ್ಮಾ ಏರಿಸಿ ಫೋಟೋ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ಕ್ಷಣಕ್ಕೂ ನಾನು ತಪ್ಪಿಸಿಕೊಳ್ಳಬಹುದಿತ್ತು.

ಆದರೆ ಬೀಗಿತಿ ಒಳ್ಳೆಯ ಮನಸ್ಸಿನವರು. "ಪಾಪ, ಸಣ್ಣ ವಯಸ್ಸಿನ್ಯಾಗ ಹೋಗ್ಯಾಳ. ಸತ್ತವರಿಗೆ ಜಾತಿ ಎಲ್ಲೀದು? ಕೈ ಮುಗಿಯವ್ವಾ ಕೋಮಲಾ" ಎಂದು ತಾವೂ ಕೈ ಮುಗಿದರು. ನನ್ನ ಮಗಳು ಸೆರಗು ಸರಿ ಮಾಡಿಕೊಂಡು, ನನ್ನ ಫೋಟೋದ ಮುಂದೆ, ಸತ್ತವಳೆಂದು ಎರಡೂ ಕೈ ಎತ್ತಿದಳು.

ನಾನು ಅವಳ ಕೈಗಳನ್ನು ಹಿಡಿದು ಕೆಳಗೆ ಎಳೆದೆ. "ಮುಗೀಬ್ಯಾಡ! ಇಕಿ ಸತ್ತಿಲ್ಲ. ಇಕಿ ನಾನ. ಆಕಿ ನಮ್ಮವ್ವ. ನಾವು ಕಿಳ್ಳೇಕ್ಯಾತರು" ಎಂದೆ. ಒಂದೇ ಸಲ ಹೇಳಿದ್ದೇನೋ ಹಲವು ಸಲ ಹೇಳಿದ್ದೇನೋ ನೆನಪಿಲ್ಲ. ಕೂಗಿದೆ ಎಂದು ಗುರುನಾಥ ಹೇಳುತ್ತಾರೆ.

ಬೀಗರು ತಮ್ಮ ಗಾಡಿಯಲ್ಲಿ ಸಿಂದಗಿಗೆ ಹೋದರು. ಹೂಂ ಎಂದೂ ಹೇಳಿ ಕಳಿಸಿಲ್ಲ, ಉಹೂಂ ಎಂದೂ ಇಲ್ಲ. ಹುಡುಗ ಮಾತ್ರ ಕೋಮಲಳಿಗೆ ಫೋನು ಮಾಡುತ್ತಿದ್ದಾನೆ. ಅವಳು ಎತ್ತುತ್ತಿಲ್ಲ, ನನ್ನ ಜೊತೆಗೂ ಮಾತಿಲ್ಲ. "ನನ್ನ ಅಜ್ಜಿ ಜೀವಂತ ಅದಾಳ ಅಂತ ನನಗ ಗ್ವಾಡಿ ಹೇಳಬೇಕಾತು" ಎಂದಳು, ಅಷ್ಟೇ. ಅತ್ತೆ ನಾನು ಮಾಡಿದ ಅಡುಗೆ ಉಣ್ಣುತ್ತಿಲ್ಲ, ತಾವೇ ಬೇಯಿಸಿಕೊಳ್ಳುತ್ತಿದ್ದಾರೆ. ನಿನ್ನೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಂದು ಗೊಂಬಿಯವರಿಗೆ ಹಿಟ್ಟ ಹಾಕಸ್ದೆನಲ್ಲ, ಅವರು ನಿಮ್ಮ ಪೈಕಿನ?" ಎಂದು ಕೇಳಿದರು. ಹೌದು ಎಂದೆ. ಹೊರಟು ಹೋದರು. ಏನಾಗುತ್ತದೋ ನನಗೆ ತಿಳಿಯದು. ಹೆದರಿಕೆಯಾಗುತ್ತದೆ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಫೋಟೋ ತೆಗೆಯಬೇಡಿ, ದನಿ ನಿಲ್ಲಿಸಬೇಡಿ, ಎರಡಕ್ಕೂ ನನ್ನ ಒಪ್ಪಿಗೆ ಇದೆ. "ತೀರಿಕೊಂಡಳು" ಎಂಬ ಸಾಲನ್ನೂ ಅಳಿಸಬೇಡಿ. ಅವ್ವ ಪೆಟ್ಟಿಗೆ ಮುಂದೆ ಆಡಿದ ಮಾತು ಅದು, ಆಡಿಸಿದವಳು ನಾನು. ಅದರ ಕೆಳಗೆ ಇಷ್ಟನ್ನು ಹಾಕಿಸಿ:

"ನಾನು ಸುವರ್ಣಾ. ತಂಗಡಗಿಯ ಗೊಂಬಿಯಾಟದ ಗುಂಡವ್ವನ ಮಗಳು, ಪರಶುವಿನ ಅಕ್ಕ, ಕೋಮಲಳ ತಾಯಿ. ಇಂಡಿಯಲ್ಲಿ ಕನ್ನಡ ಕಲಿಸುತ್ತೇನೆ. ನಾನು ಸತ್ತೆನೆಂದು ಬರೆಸು ಎಂದು ತಮ್ಮನಿಗೆ ಕಾಗದ ಹಾಕಿದೆ. ಅದನ್ನು ಕೇಳಿದ ನನ್ನ ತಾಯಿ ಹಾಗೇ ಹೇಳಿದಳು, ನೇಮದಂತೆ ನನ್ನನ್ನು ಹೊಳೆಗೂ ಬಿಟ್ಟಳು. ನಾನು ಬದುಕಿದ್ದೇನೆ."

ಕಡೆಯದಾಗಿ ಒಂದು ಬೇಡಿಕೆ. ಅವ್ವ ನನ್ನ ಕಾಗದ ಓದಿಸಿಕೊಳ್ಳುವುದಿಲ್ಲ, ಅವಳಿಗೆ ಓದು ಬರುವುದೂ ಇಲ್ಲ. ತಂಗಡಗಿಗೆ ಹೋದಾಗ, ಗೋಡೆಗೆ ಹೊಸದಾಗಿ ಬರೆಸಿದ್ದು ಎಂದು ಹೇಳಿ ಇದನ್ನು ಅವಳಿಗೆ ಓದಿ. ಹೆಸರಿನಿಂದಲೇ ಶುರು ಮಾಡಿ. ಆಕೆ ಎದ್ದು ಹೋದರೆ ಹಿಂದೆ ಹೋಗಿ ಓದಿ.

ಇಂತಿ,
ಗುಂಡವ್ವನ ಮಗಳು ಸುವರ್ಣಾ